ಹುಲಿಗಳ ಊರಿಗೆ ಯಾರ ದನಿ?

ಡೆಟ್ರಾಯಿಟ್ ಎಂದರೆ ಅಮೆರಿಕದ ಮೋಟಾರು ಕಾರ್ಖಾನೆಗಳ ಊರು. ಅಲ್ಲಿನ ಬೇಸ್‌ಬಾಲ್ ತಂಡಕ್ಕೆ ಟೈಗರ್ಸ್ ಎಂದು ಹೆಸರು. ಹುಲಿಗಳು ಗೆದ್ದ ವರ್ಷವೂ ಉಂಟು, ನೆಲಕಚ್ಚಿದ ವರ್ಷವೂ ಉಂಟು, ಅದು ಹಾಗಿರಲಿ. ರೇಡಿಯೋದಲ್ಲಿ ಕಾಮೆಂಟರಿ ಹೇಳುವ ಒಬ್ಬ ಮನುಷ್ಯನಿಗಾಗಿ ಆ ಊರಿನ ಜನ ಎರಡು ಸಲ ದೊಡ್ಡವರ ಎದುರು ನಿಂತರಲ್ಲ, ಆ ಕಥೆ ಕೇಳಬೇಕು.

ಮೊದಲ ದನಿ ಟೈ ಟೈಸನ್ನರದು. 1927ರ ಏಪ್ರಿಲ್ 19ರಂದು ನೇವಿನ್ ಫೀಲ್ಡ್ ಮೈದಾನದಿಂದ ಡಬ್ಲ್ಯುಡಬ್ಲ್ಯುಜೆ ಕೇಂದ್ರದ ಮೂಲಕ ಇವರು ಆಟ ಹೇಳಿದರು. ಪುಕ್ಕಟೆಯಾಗಿ ಮನೆಯಲ್ಲೇ ಕೇಳಿದರೆ ಟಿಕೆಟು ಯಾರು ಕೊಳ್ಳುತ್ತಾರೆ ಅಂತ ತಂಡದ ಮಾಲೀಕರಿಗೆ ಆಗ ಎಲ್ಲೆಡೆ ದಿಗಿಲು. ನ್ಯೂಯಾರ್ಕಿನ ಮೂರು ತಂಡಗಳಂತೂ 1938ರವರೆಗೆ ರೇಡಿಯೋದವರನ್ನು ಹತ್ತಿರಕ್ಕೇ ಸೇರಿಸಲಿಲ್ಲ. ವ್ಯಾಪಾರಸ್ಥರಿಗೆ ಈ ಭಯ ಅರ್ಥವಾಗದ್ದೇನಲ್ಲ. ಆದರೆ ಲೆಕ್ಕ ತಪ್ಪಿತ್ತು. ಕಿವಿಯಲ್ಲಿ ಆಟ ಕೇಳಿದವನಿಗೆ ಕಣ್ಣಲ್ಲೂ ನೋಡುವ ಆಸೆ ಹುಟ್ಟಿತು.

1934ರಲ್ಲಿ ಟೈಗರ್ಸ್ ವಿಶ್ವ ಸರಣಿಗೆ ಬಂತು. ದೇಶಕ್ಕೆಲ್ಲ ಕೇಳುವ ಪ್ರಸಾರದಲ್ಲಿ ಟೈಸನ್ ಕೂಡದು, ಅವರು ಡೆಟ್ರಾಯಿಟ್ ಪಕ್ಷಪಾತಿ ಎಂದು ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ ತಡೆ ಹಾಕಿದರು. ಊರಿನವರು ಸುಮ್ಮನಿದ್ದಾರೆಯೇ? ಸಹಿ ಹಾಕಿ ಮನವಿ ಕಳಿಸಿದರು. ಕೊನೆಗೆ ಸ್ಥಳೀಯ ಕೇಂದ್ರದಲ್ಲಿ ಮಾತ್ರ ಟೈಸನ್ ಹೇಳಬಹುದೆಂದು ಅಪ್ಪಣೆ ಆಯಿತು. ಸರಣಿ ಸೇಂಟ್ ಲೂಯಿಸ್ ಪಾಲಾಯಿತು, ಅದು ಬೇರೆ ಮಾತು.

ಅದೇ 1934ರಲ್ಲಿ ಹ್ಯಾರಿ ಹೈಲ್‌ಮನ್ ಮೈಕಿನ ಮುಂದೆ ಕೂತರು. ಇವರು ಅದೇ ತಂಡದ ಹಳೇ ಬ್ಯಾಟುಗಾರ, ನಾಲ್ಕು ಸಲ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದವರು. ಆಡಿದವರೇ ಆಟ ಹೇಳುವ ಪದ್ಧತಿ ಅಲ್ಲಿ ಬಲವಾಯಿತು. ಮುಂದೆ ಟೀವಿಯಲ್ಲಿ ಜಾರ್ಜ್ ಕೆಲ್, ಅವರ ಜೊತೆಗೆ 1976ರಿಂದ ಆಲ್ ಕೇಲೈನ್ ಬಂದರು. ಇಬ್ಬರೂ ಹುಲಿಗಳೇ.

ಆದರೆ ಡೆಟ್ರಾಯಿಟ್‌ನಲ್ಲಿ ಮುದುಕರನ್ನು ಕೇಳಿದರೆ ಮೊದಲು ಬಾಯಿಗೆ ಬರುವ ಹೆಸರು ಅರ್ನಿ ಹಾರ್ವೆಲ್. ಈ ಪುಣ್ಯಾತ್ಮ ಜಾರ್ಜಿಯಾ ರಾಜ್ಯದವರು, ಹುಟ್ಟಿದ್ದು 1918ರಲ್ಲಿ. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು ಅಂದರೆ ನಂಬಬೇಕು! 1948ರಲ್ಲಿ ಬ್ರೂಕ್ಲಿನ್ ತಂಡಕ್ಕೆ ತುರ್ತಾಗಿ ಒಬ್ಬ ಕಾಮೆಂಟರಿಯವರು ಬೇಕಾಯಿತು. ಅಟ್ಲಾಂಟಾ ತಂಡ ಹಾರ್ವೆಲ್‌ರನ್ನು ಬಿಟ್ಟುಕೊಟ್ಟು ಬದಲಿಗೆ ಕ್ಲಿಫ್ ಡ್ಯಾಪರ್ ಎಂಬ ಆಟಗಾರನನ್ನು ಪಡೆಯಿತು. ಮಾತಿಗೆ ಮನುಷ್ಯನನ್ನೇ ತೂಗಿ ಕೊಟ್ಟ ವ್ಯಾಪಾರ ಇದು.

1960ರಲ್ಲಿ ಡೆಟ್ರಾಯಿಟ್‌ಗೆ ಬಂದವರು ಅಲ್ಲೇ ಬೇರು ಬಿಟ್ಟರು. ಕಿರುಚಾಟ ಇಲ್ಲ, ಅವಸರ ಇಲ್ಲ. ವರ್ಷದ ಮೊದಲ ಪ್ರಸಾರದಲ್ಲಿ ಬೈಬಲಿನ ಪರಮಗೀತೆಯಿಂದ ವಸಂತದ ಸಾಲು ಹೇಳುವರು, ಕೇಳಿದ ಜನ ಸದ್ಯ ಚಳಿಗಾಲ ಮುಗಿಯಿತು ಅಂದುಕೊಳ್ಳುವರು. ಚೆಂಡು ಪ್ರೇಕ್ಷಕರ ನಡುವೆ ಬಿದ್ದರೆ, ಇಂಥ ಊರಿನವರೊಬ್ಬರು ಹಿಡಿದರು ನೋಡಿ ಎಂದು ಸಾಗಿನಾ, ಇಪ್ಸಿಲಾಂಟಿ ಹೀಗೆ ಯಾವುದೋ ಊರಿನ ಹೆಸರು ಹೇಳಿಬಿಡುವರು. ಇವರಿಗೆ ಹೇಗೆ ಗೊತ್ತಾಯಿತಪ್ಪಾ ಅಂತ ಕೇಳುಗರಿಗೆ ಬೆರಗು. ಏನೂ ಗೊತ್ತಿರಲಿಲ್ಲ, ಸುಮ್ಮನೆ ತಮಾಷೆ! ಆದರೆ ಆ ಊರಿನ ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡು ಕೂತವನಿಗೆ ಎಷ್ಟು ಹಿಗ್ಗಾಗಿರಬೇಡ. 1973ರಿಂದ ಪಕ್ಕದಲ್ಲಿ ಪಾಲ್ ಕ್ಯಾರಿ. ಅವರದು ಬಾವಿಯೊಳಗಿಂದ ಬಂದ ಹಾಗಿನ ಗಂಭೀರ ಕಂಠ. ಈ ಜೋಡಿ ಹತ್ತೊಂಬತ್ತು ವರ್ಷ ನಡೆಯಿತು.

1990ರ ಡಿಸೆಂಬರ್‌ನಲ್ಲಿ ಗುಡುಗು ಬಡಿಯಿತು. ಮುಂದಿನ ವರ್ಷವೇ ಕಡೆ, ಆಮೇಲೆ ನಿಮ್ಮ ಕೆಲಸ ಬೇಡ ಎಂದು ತಂಡದವರೂ ರೇಡಿಯೋ ಕೇಂದ್ರದವರೂ ಹಾರ್ವೆಲ್‌ಗೆ ತಿಳಿಸಿದ್ದರು. ವಯಸ್ಸು ಎಪ್ಪತ್ತೆರಡಾಗಿದ್ದರೂ ಗಂಟಲು ಗಟ್ಟಿಯಾಗಿಯೇ ಇತ್ತು. ಊರು ಕೆರಳಿತು. ಪತ್ರಿಕೆಗಳಲ್ಲಿ ಅದೇ, ಕಾರುಗಳ ಹಿಂದೆ ಅಂಟಿಸಿದ ಚೀಟಿಗಳಲ್ಲೂ ಅದೇ. ಬೈಗುಳದ ದೊಡ್ಡ ಪಾಲು ಬಿದ್ದದ್ದು ತಂಡದ ಅಧ್ಯಕ್ಷ ಬೋ ಶೆಂಬೆಕ್ಲರ್‌ಗೆ. ಈತ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರನಾಗಿ ದೇವರಂತೆ ಪೂಜಿಸಿಕೊಂಡಿದ್ದವರು, ಅಂಥವರಿಗೇ ಈ ಗತಿ. ಆದರೂ ಆಡಳಿತ ಜಗ್ಗಲಿಲ್ಲ. 1991ರ ಕೊನೆಗೆ ಹಾರ್ವೆಲ್ ಹೊರಟರು, ಕ್ಯಾರಿಯೂ ಎದ್ದುಹೋದರು.

ಮರುವರ್ಷ ತಂಡವೇ ಮಾರಾಟವಾಯಿತು. ಮಾರಿದವರೂ ಪಿಜ್ಜಾ ವ್ಯಾಪಾರಿ, ಕೊಂಡವರೂ ಪಿಜ್ಜಾ ವ್ಯಾಪಾರಿ. ಶೆಂಬೆಕ್ಲರ್ ಕುರ್ಚಿ ಅಷ್ಟರಲ್ಲಿ ಹೋಗಿತ್ತು. ಹೊಸ ಒಡೆಯ ಮೈಕ್ ಇಲಿಚ್‌ಗೆ ಗಿರಾಕಿಯ ನಾಡಿ ಗೊತ್ತಿತ್ತು. 1993ರಲ್ಲೇ ಹಾರ್ವೆಲ್‌ರನ್ನು ವಾಪಸು ಕರೆಸಿದರು. ಕೆಲವು ವರ್ಷ ಟೀವಿ, ಮತ್ತೆ ರೇಡಿಯೋ. 2002ರಲ್ಲಿ ತಾವಾಗಿಯೇ ನಿವೃತ್ತರಾದಾಗ ಟೈಗರ್ಸ್ ಜೊತೆ ನಲವತ್ತೆರಡು ಹಂಗಾಮು ಮುಗಿದಿದ್ದವು.

2009ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಕೊಮೆರಿಕಾ ಪಾರ್ಕ್ ಮೈದಾನಕ್ಕೆ ಬಂದು, ಆಟದ ನಡುವೆ ಮೈಕು ಹಿಡಿದು, ಊರಿನವರಿಗೆಲ್ಲ ನಿಂತುಕೊಂಡೇ ವಂದನೆ ಹೇಳಿದರು. 2010ರ ಮೇ 4ರಂದು ತೀರಿಕೊಂಡರು. ಅದೇ ಮೈದಾನದ ಬಾಗಿಲ ಹತ್ತಿರ, ಅವರದೇ ಪ್ರತಿಮೆಯ ಬಳಿ ದೇಹವನ್ನು ಇಟ್ಟಿದ್ದರು. ಹತ್ತು ಸಾವಿರಕ್ಕೂ ಮಿಕ್ಕಿ ಜನ ಸಾಲುಗಟ್ಟಿ ಬಂದರು. ಆ ಹೊತ್ತಿಗೆ ರೇಡಿಯೋ ಮೈಕು ಡ್ಯಾನ್ ಡಿಕರ್ಸನ್ ಕೈಗೆ ಬಂದಿತ್ತು. ಹಾರ್ವೆಲ್ ಪಕ್ಕದಲ್ಲೇ 2000ದಿಂದ ಮೂರು ಹಂಗಾಮು ಕೂತು ಕೆಲಸ ಕಲಿತವರು ಅವರು.