ಬೆಳಕಿಗೆ ಅಡ್ಡವಿಟ್ಟ ಬಿಲ್ಲೆ

ಈಗೀಗ ಆರತಕ್ಷತೆಗೆ ಹೋದರೆ ಛತ್ರದ ಬಾಗಿಲಲ್ಲೇ ನೆಲದ ಮೇಲೆ ವಧೂವರರ ಹೆಸರು ಬೆಳಕಿನಲ್ಲಿ ಮೂಡಿರುತ್ತದೆ. ಸುತ್ತ ಬಳ್ಳಿ, ನಡುವೆ ಎರಡು ಹೆಸರು, ಕೆಳಗೆ ತಾರೀಖು. ಮಕ್ಕಳು ಓಡಿಬಂದು ನಿಂತರೆ ಅಕ್ಷರಗಳು ಅವರ ಅಂಗಿಯ ಮೇಲೆ ಹತ್ತುತ್ತವೆ. ಬೆಂಗಳೂರಿನ ಹೋಟೆಲುಗಳಲ್ಲಿ ಕಂಪನಿಗಳ ಸಮಾರಂಭ ನಡೆದಾಗ ಹೆಸರಿನ ಜಾಗಕ್ಕೆ ಲೋಗೊ ಬರುತ್ತದೆ. ಎಲ್ಲೋ ಕಂಪ್ಯೂಟರಿಗೆ ಜೋಡಿಸಿದ ಪ್ರೊಜೆಕ್ಟರ್ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಎಷ್ಟೋ ಕಡೆ ಅಲ್ಲಿರುವುದು ಅಂಗೈಯಷ್ಟೂ ಅಗಲವಿಲ್ಲದ, ಹೆಸರು ಕೊರೆದ ಒಂದು ಉಕ್ಕಿನ ಬಿಲ್ಲೆ. ಲೈಟಿಂಗ್‌ನವರು ಅದನ್ನು ಗೋಬೊ ಅನ್ನುತ್ತಾರೆ.

ತೂತು ಕೊರೆದ ತಗಡನ್ನು ದೀಪದ ಮುಂದೆ ಹಿಡಿದರೆ ನೆರಳು ಬೀಳುತ್ತದೆ, ಸರಿ. ಆದರೆ ಅದಕ್ಕೆ ಸರಿಯಾದ ಅಂಚಿರುವುದಿಲ್ಲ. ದೀಪವೇನೂ ಚುಕ್ಕಿಯಲ್ಲ, ಅದರ ಒಂದೊಂದು ಭಾಗವೂ ತನ್ನದೇ ನೆರಳನ್ನು ಬೀಳಿಸಿ, ಎಲ್ಲವೂ ಒಂದರ ಮೇಲೊಂದು ಕೂತು ಕಲಸಿಹೋಗುತ್ತವೆ. ತೊಗಲುಗೊಂಬೆಯಾಟದವರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದು ಇದಕ್ಕೇ. ಗೇಣು ಹಿಂದೆ ಸರಿದರೂ ಅಂಚು ಮಸುಕಾಗುತ್ತದೆ. ಛತ್ರದಲ್ಲಿ ಬಿಲ್ಲೆಗೂ ನೆಲಕ್ಕೂ ನಡುವೆ ಐದಾರು ಮೀಟರ್ ದೂರವಿರುತ್ತದೆ. ಅಷ್ಟು ದೂರಕ್ಕೆ ಮಸೂರವಿಲ್ಲದೆ ಆಗುವುದಿಲ್ಲ.

ಇದಕ್ಕೆ ಬಳಸುವ ಉದ್ದ ಕೊಳವೆಯ ದೀಪಕ್ಕೆ ಪ್ರೊಫೈಲ್ ಲೈಟ್ ಎಂದು ಹೆಸರು. ಹ್ಯಾಲೊಜೆನ್ ಕಾಲದ ಪ್ರೊಫೈಲಿನಲ್ಲಿ ಬಲ್ಬಿನ ಹಿಂದೆ ದೀರ್ಘವೃತ್ತಾಕಾರದ ಕನ್ನಡಿ ಇರುತ್ತದೆ. ದೀರ್ಘವೃತ್ತಕ್ಕೆ ಎರಡು ನಾಭಿ. ಒಂದರಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ಇನ್ನೊಂದರಲ್ಲಿ ಬಂದು ಸೇರುತ್ತದೆ. ಮೊದಲನೆಯದರಲ್ಲಿ ಬಲ್ಬು, ಎರಡನೆಯದರ ಹತ್ತಿರ ಬಿಲ್ಲೆ. ಮುಂದಿರುವ ಮಸೂರ ಆ ಬಿಲ್ಲೆಯ ಬಿಂಬವನ್ನು ನೆಲಕ್ಕೆ ಸಾಗಿಸುತ್ತದೆ. ಬಿಂಬ ತಲೆಕೆಳಗಾಗಿ ಬೀಳುವುದರಿಂದ ಬಿಲ್ಲೆಯನ್ನು ತಲೆಕೆಳಗಾಗಿಯೇ ತುರುಕಬೇಕು. ಬೆಳಕು 26 ಡಿಗ್ರಿ ಅಗಲಕ್ಕೆ ಹರಡುವ ದೀಪವಾದರೆ 6 ಮೀಟರ್ ದೂರದಲ್ಲಿ ಸುಮಾರು 2.75 ಮೀಟರ್ ಅಗಲದ ವೃತ್ತ ಸಿಗುತ್ತದೆ. ಬಿಲ್ಲೆಯ ಮೇಲಿನ ಚಿತ್ರ ಆರೂವರೆ ಸೆಂಟಿಮೀಟರ್ ಇದ್ದರೆ, ಅದು ನಲವತ್ತು ಪಟ್ಟಿಗೂ ಮಿಕ್ಕಿ ಹಿಗ್ಗಿತು.

ಉಪಾಯ ಹಳೆಯದು. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರಲ್ಲಿ, ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿಯುವ ಅಸ್ಥಿಪಂಜರದ ಚಿತ್ರಗಳನ್ನು ಮಾಯಾದೀಪಕ್ಕೆಂದು, ಅಂದರೆ ಗಾಜಿನ ಮೇಲಿನ ಚಿತ್ರವನ್ನು ಮಸೂರದಿಂದ ಗೋಡೆಗೆ ಬೀರುವ ದೀಪಕ್ಕೆಂದು, ಬರೆದಿಟ್ಟಿದ್ದ. ಶನಿಗ್ರಹದ ಬಳೆಯನ್ನು ಗುರುತಿಸಿದ ಇದೇ ಮಹಾಶಯನಿಗೆ ಈ ಆಟಿಕೆಯ ಬಗ್ಗೆ ನಾಚಿಕೆಯಿತ್ತು. ತಂದೆ ಅದನ್ನು ಫ್ರಾನ್ಸಿನ ಅರಮನೆಯಲ್ಲಿ ತೋರಿಸಹೊರಟಾಗ, ಕೆಲಸ ಮಾಡದಂತೆ ಒಂದು ಮಸೂರ ತೆಗೆದುಬಿಡು ಎಂದು ತಮ್ಮನಿಗೆ ಕಾಗದ ಬರೆದ.

ಉಕ್ಕಿನ ಬಿಲ್ಲೆಗೆ ಕನ್ನಡ ಲಿಪಿ ಸ್ವಲ್ಪ ತಲೆನೋವು. ಅನುಸ್ವಾರದ ಸೊನ್ನೆಯನ್ನು ಕೊರೆದರೆ ಅದರ ಒಳಗಿನ ತುಂಡು ಉದುರಿಬೀಳುತ್ತದೆ. ‘ಠ’ದ ಹೊಟ್ಟೆಯದೂ ಅದೇ ಕಥೆ. ಉದುರದಂತೆ ಸಣ್ಣ ಪಟ್ಟಿಯಿಂದ ಅಂಚಿಗೆ ಹಿಡಿಸಬೇಕು. ಒಂದು ಮಿಲಿಮೀಟರಿನ ಆ ಪಟ್ಟಿ ನೆಲದ ಮೇಲೆ ನಾಲ್ಕು ಸೆಂಟಿಮೀಟರಿನ ಗೀರಾಗಿ ಕಾಣುತ್ತದೆ. ಇದು ಬೇಡ ಎನ್ನುವವರಿಗೆ ಗಾಜಿನ ಗೋಬೊ ಇದೆ: ಗಾಜಿಗೆ ಅಲ್ಯೂಮಿನಿಯಂ ಲೇಪಿಸಿ, ಬೇಕಾದಷ್ಟನ್ನೇ ಲೇಸರಿನಿಂದ ಕೆರೆಯುತ್ತಾರೆ. ಬಣ್ಣದ ಲೋಗೊ ಬೇಕಾದರೆ ಕೆಲಸ ಇನ್ನೂ ನಾಜೂಕು. ಸಾಧಾರಣ ಬಣ್ಣ ಬೇಡದ ಬೆಳಕನ್ನು ಹೀರಿ ಕಾಯುತ್ತದೆ, ಹ್ಯಾಲೊಜೆನ್ ಶಾಖಕ್ಕೆ ಸುಟ್ಟೇ ಹೋದೀತು. ಹಾಗಾಗಿ ಟೈಟಾನಿಯಂ ಡೈಆಕ್ಸೈಡ್, ಸಿಲಿಕಾದಂಥ ಪದಾರ್ಥಗಳನ್ನು ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವಾದ ನ್ಯಾನೊಮೀಟರಿನಲ್ಲಿ ಅಳೆಯಬೇಕಾದಷ್ಟು ತೆಳುವಾಗಿ, ಪದರದ ಮೇಲೆ ಪದರವಾಗಿ ಹಚ್ಚುತ್ತಾರೆ. ಪದರಗಳಿಂದ ಮರಳುವ ಅಲೆಗಳು ಒಂದಕ್ಕೊಂದು ಸೇರಿ ಬೇಡದ ಬಣ್ಣ ಹಿಂದಕ್ಕೆ ಪ್ರತಿಫಲಿಸುತ್ತದೆ, ಬೇಕಾದದ್ದು ಮುಂದೆ ಸಾಗುತ್ತದೆ. ಸೋಪಿನ ಗುಳ್ಳೆಗೆ ಬಣ್ಣ ಕೊಡುವ ವಿದ್ಯಮಾನವೇ ಇದು. ಎಲ್‌ಇಡಿ ದೀಪಗಳು ಬಂದ ಮೇಲೆ ಬಿಲ್ಲೆಯ ಮೇಲೆ ಬೀಳುವ ಶಾಖ ತಗ್ಗಿ, ಕೆಲವು ದೀಪಗಳಲ್ಲಿ ಪ್ಲಾಸ್ಟಿಕ್ ಹಾಳೆಯೂ ಸಾಕಾಗುತ್ತಿದೆ.

ಇಷ್ಟೆಲ್ಲ ಮಾಡಿಯೂ ಹೆಸರು ಮಂಕಾಗಿದೆ ಎಂದು ಹುಡುಗಿಯ ಕಡೆಯವರು ಗೊಣಗುವುದುಂಟು. ಆಗ ಇನ್ನೂ ಪವರಿನ ಲೈಟು ತರಿಸಿ ಎನ್ನುವ ಸಲಹೆ ಬರುತ್ತದೆ. ನನಗೆ ಅದು ದುಡ್ಡಿನ ದಂಡ ಅನ್ನಿಸುತ್ತದೆ. ಕಪ್ಪನ್ನು ಯಾವ ದೀಪವೂ ಬೀರಲಾರದು. ಅಕ್ಷರದ ಸುತ್ತ ಕಪ್ಪಾಗಿ ಕಾಣುವ ಜಾಗದಲ್ಲಿ ಛತ್ರದ ಹಾಲಿನ ಬೆಳಕು ಇದ್ದೇ ಇರುತ್ತದೆ. ಪಕ್ಕದ್ದು ಹೆಚ್ಚು ಹೊಳೆಯುವುದರಿಂದ ಕಣ್ಣು ಇದನ್ನು ಕಪ್ಪು ಎಂದು ಲೆಕ್ಕ ಹಾಕುತ್ತದೆ. ಬೀಳುವ ಬೆಳಕನ್ನು ಲಕ್ಸಿನಲ್ಲಿ ಅಳೆಯುತ್ತಾರೆ. ಗೋಬೊ ದೀಪದಿಂದ ನೆಲಕ್ಕೆ 500 ಲಕ್ಸ್, ಹಾಲಿನ ದೀಪಗಳಿಂದ 300 ಲಕ್ಸ್ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಅಕ್ಷರದ ಮೇಲೆ 800, ಪಕ್ಕದಲ್ಲಿ 300. ಎರಡೂ ಮುಕ್ಕಾಲು ಪಟ್ಟೂ ಇಲ್ಲ. ದೀಪದ ಶಕ್ತಿ ಇಮ್ಮಡಿ ಮಾಡಿದರೆ ನಾಲ್ಕು ಪಟ್ಟು ದಾಟುತ್ತದೆ. ಹಳೆಯ ದೀಪವನ್ನೇ ಇಟ್ಟುಕೊಂಡು ಹಾಲನ್ನು 50 ಲಕ್ಸಿಗೆ ಇಳಿಸಿ ನೋಡಿ: 550ಕ್ಕೆ 50, ಅಂದರೆ ಹನ್ನೊಂದು ಪಟ್ಟು. ಸ್ವಿಚ್ ಆರಿಸುವುದಕ್ಕೆ ಬಾಡಿಗೆ ಇಲ್ಲ. ವಿಡಿಯೊದವರು ತಮ್ಮ ಲೈಟು ಹಚ್ಚಿಕೊಂಡು ಬಂದರೆ ಮಾತ್ರ ಈ ಲೆಕ್ಕವೆಲ್ಲ ಮುಗಿಯಿತು.

ಕಂಪ್ಯೂಟರ್ ಪ್ರೊಜೆಕ್ಟರಿನ ಎದುರು ತಗಡು ಗೆಲ್ಲುವುದೂ ಇಲ್ಲೇ. ಪ್ರೊಜೆಕ್ಟರಿನಲ್ಲಿ ಕಪ್ಪು ಇರಬೇಕಾದ ಕಡೆಯಲ್ಲೂ ಒಂದಿಷ್ಟು ಬೆಳಕು ಸೋರಿ, ಹೆಸರಿನ ಸುತ್ತ ಬೂದು ಬಣ್ಣದ ಚೌಕ ಕಾಣುತ್ತದೆ. ಉಕ್ಕು ಸೋರುವುದಿಲ್ಲ. ಚಿತ್ರ ಕ್ಷಣಕ್ಷಣಕ್ಕೂ ಬದಲಾಗಬೇಕಾದರೆ ಪ್ರೊಜೆಕ್ಟರೇ ಬೇಕು, ಅದು ಬೇರೆ ಮಾತು.

ನೆಲದ ಬಗ್ಗೆಯೂ ಒಂದು ಮಾತು. ನಮ್ಮ ಎಷ್ಟೋ ಛತ್ರಗಳಲ್ಲಿ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಅದು ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ನುಂಗಿ, ಉಳಿದುದರಲ್ಲಿ ಒಂದು ಪಾಲನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ, ಎದುರಿನ ಗೋಡೆಗೋ ಸೂರಿಗೋ ಎಸೆಯುತ್ತದೆ. ಹೊಳಪಿಲ್ಲದ ಬಿಳಿ ಹಾಸು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಯಾವ ಕಡೆ ನಿಂತವರಿಗೂ ಹೆಸರು ಕಾಣುತ್ತದೆ. ದೀಪ 45 ಡಿಗ್ರಿ ಓರೆಯಾಗಿ ಬಿದ್ದರೆ ವೃತ್ತ ಒಂದು ದಿಕ್ಕಿಗೆ ಸುಮಾರು ಒಂದೂವರೆ ಪಟ್ಟು ಉದ್ದವಾಗಿ ಮೊಟ್ಟೆಯಾಗುತ್ತದೆ. ಬಲ್ಲವರು ಕೋನ ಮೊದಲೇ ಕೇಳಿಕೊಂಡು ಬಿಲ್ಲೆಯಲ್ಲೇ ಉಲ್ಟಾ ಸೊಟ್ಟಗೆ ಕೊರೆಸುತ್ತಾರೆ.

ನಮ್ಮಲ್ಲಿ ಆರತಕ್ಷತೆ ಹೆಚ್ಚಾಗಿ ಸಂಜೆಗೇ ಇರುವುದರಿಂದ ಇದೆಲ್ಲ ನಡೆದುಹೋಗುತ್ತದೆ. ತೋಟದ ಹುಲ್ಲುಹಾಸಿನಲ್ಲಿ ಹಗಲು ಹನ್ನೊಂದರ ಮುಹೂರ್ತವಾದರೆ ಬಿಸಿಲೇ ಒಂದು ಲಕ್ಷ ಲಕ್ಸಿನ ಹತ್ತಿರ ಬರುತ್ತದೆ. 500 ಲಕ್ಸಿನ ಹೆಸರನ್ನು ಅಲ್ಲಿ ಯಾರೂ ಓದಲಾರರು. ಆ ದುಡ್ಡು ಹೂವಿಗೆ ಹೋಗಲಿ.