ಬಣ್ಣದ ಕೆಳಗಿನ ಜೀಪು

ಇಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರವಲ್ಲದೆ ಮುಂದಿನ ಎರಡಕ್ಕೂ ಹರಿಯುವಂತೆ ರಚನೆಗೊಂಡ ವಾಹನವನ್ನು ಮಲೆನಾಡಿನ ಜನ ‘ಫೋರ್ ವೀಲ್ ಜೀಪು’ ಎಂದೇ ಕರೆಯುತ್ತಾರೆ. ಕಾಫಿ ತೋಟಕ್ಕೆ ಗೊಬ್ಬರ ಸಾಗಿಸುವುದರಿಂದ ಹಿಡಿದು ಕೊಡಚಾದ್ರಿ, ಮಾಂದಲಪಟ್ಟಿಗಳ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಹತ್ತಿಸುವವರೆಗೆ ದಶಕಗಳ ಕಾಲ ದುಡಿದ ಈ ಗಾಡಿಗಳಿಗೆ ಈಗ ಬೇರೊಂದು ಬಗೆಯ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ದೂರದ ಪ್ರವಾಸಕ್ಕೂ, ಆಫ್‌ರೋಡಿಂಗ್‌ಗೂ, ಅಂದರೆ ಡಾಂಬರಿಲ್ಲದ ಕೆಸರು, ಕಲ್ಲು, ಮರಳು, ಹಳ್ಳಗಳ ಹಾದಿಯಲ್ಲಿ ಗಾಡಿ ಓಡಿಸುವ ಹವ್ಯಾಸಕ್ಕೂ ಒಗ್ಗುವ ಹೊಸ ವಾಹನ ಹತ್ತು ಲಕ್ಷ ರೂಪಾಯಿಯನ್ನು ಮೀರುವುದರಿಂದ, ಹಳೆಯದೊಂದನ್ನು ಕೊಂಡು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಆಸೆ ಸಹಜವೇ ಆಗಿದೆ. ಆದರೆ ಇಂಥ ಗಾಡಿಯ ನಿಜವಾದ ಬೆಲೆ ಅದರ ಹೊಳೆಯುವ ಬಣ್ಣದಲ್ಲಾಗಲಿ, ದಪ್ಪ ಟೈರು, ಸಾಲು ದೀಪಗಳಲ್ಲಾಗಲಿ ಇರುವುದಿಲ್ಲ; ಅದು ಗಾಡಿಯ ಹೊಟ್ಟೆಯಡಿಯಲ್ಲಿ ಮತ್ತು ಅದರ ಕಾಗದಪತ್ರಗಳಲ್ಲಿ ಇರುತ್ತದೆ.

ಮೊದಲಿಗೆ ಈ ಯಂತ್ರದ ಒಳಗುಟ್ಟನ್ನು ತಿಳಿಯುವುದು ಅಗತ್ಯ. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದ್ದು, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಕೆಲಸ ಅದರದು. ಚಾಲಕನ ಪಕ್ಕದಲ್ಲಿರುವ ಎರಡನೆಯ ಕಿರು ಲಿವರ್ ಇದನ್ನು ನಿಯಂತ್ರಿಸುತ್ತದೆ: ಅದು 2ಎಚ್‌ನಲ್ಲಿದ್ದರೆ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ, 4ಎಚ್‌ನಲ್ಲಿದ್ದರೆ ನಾಲ್ಕಕ್ಕೂ, 4ಎಲ್‌ನಲ್ಲಿದ್ದರೆ ನಾಲ್ಕಕ್ಕೂ ಶಕ್ತಿ ಹೋಗುವುದರ ಜೊತೆಗೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿದು ಎಳೆಯುವ ಬಲ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ತುಂಬಿದ ಜೀಪು ಆಕ್ಸಿಲರೇಟರ್ ಹೆಚ್ಚು ತುಳಿಯದೆಯೇ ಆಮೆಯಂತೆ ಗುಡ್ಡ ಹತ್ತುವುದೂ, ಬ್ರೇಕಿಗೆ ಕಾಲಿಡದೆ ಇಂಜಿನ್ನಿನ ಹಿಡಿತದಲ್ಲೇ ಕೆಸರಿನ ಇಳಿಜಾರು ಇಳಿಯುವುದೂ ಈ ಕೊನೆಯ ಗೇರಿನಿಂದಲೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಹಳೆಯ ಜೀಪುಗಳಲ್ಲಿ ಈ ವ್ಯತ್ಯಾಸವನ್ನು ಹೊಂದಿಸುವ ಏರ್ಪಾಡು ಮುಂದು ಹಿಂದುಗಳ ನಡುವೆ ಇಲ್ಲದಿರುವುದರಿಂದ, ಚಕ್ರ ಜಾರಲು ಅವಕಾಶವಿರುವ ಕೆಸರಿನಲ್ಲಿ ಮಾತ್ರ ಫೋರ್ ವೀಲ್ ಹಾಕಬೇಕು. ಒಣ ಡಾಂಬರಿನ ಮೇಲೆ ಹಾಕಿ ಓಡಿಸಿದರೆ ಶಾಫ್ಟುಗಳು ತಿರುಚಿ, ಹಲ್ಲುಚಕ್ರಗಳು ಸವೆಯುತ್ತವೆ.

ನಾಲ್ಕು ಚಕ್ರಕ್ಕೂ ಶಕ್ತಿ ಬಂದ ಮಾತ್ರಕ್ಕೆ ಗಾಡಿ ಎಲ್ಲಿಯೂ ಸಿಕ್ಕಿಕೊಳ್ಳದು ಎಂಬುದು ಕೂಡ ತಪ್ಪು ತಿಳಿವಳಿಕೆ. ಒಂದೇ ಆಕ್ಸಲಿನ ಎಡ ಬಲ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಎರಡಕ್ಕೂ ಸಮನಾದ ಬಲವನ್ನೇ ಕೊಡುತ್ತದೆಯಾದ್ದರಿಂದ, ಒಂದು ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡತೊಡಗಿದರೆ ಅದು ಸುಮ್ಮನೆ ತಿರುಗುತ್ತದೆ, ನೆಲ ಕಚ್ಚಿರುವ ಇನ್ನೊಂದಕ್ಕೂ ಬಲ ಸಿಗದೆ ಗಾಡಿ ನಿಂತುಬಿಡುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನಕ್ಕೆ ಲಾಕರ್ ಎನ್ನುತ್ತಾರೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಇದು ಕಂಪನಿಯಿಂದಲೇ ಬಂದಿದ್ದು, ಮಹೀಂದ್ರ ಥಾರ್‌ನ ಡೀಸೆಲ್ ಸಿಆರ್‌ಡಿಇ ಮಾದರಿಯ ಹಿಂದಿನ ಆಕ್ಸಲಿಗೆ 2015ರ ಪರಿಷ್ಕರಣೆಯಲ್ಲಿ ಸ್ವಯಂಚಾಲಿತ ಲಾಕರ್ ಸೇರಿತು. ಹೀಗಾಗಿ ಹಳೆಯ ಥಾರ್ ಕೊಳ್ಳುವವರಿಗೆ ತಯಾರಿಕೆಯ ವರ್ಷ ಬಹು ಮುಖ್ಯವಾದ ವಿವರವಾಗುತ್ತದೆ.

ಭಾರತದ ಹಳೆ ಗಾಡಿಗಳ ಮಾರುಕಟ್ಟೆಯಲ್ಲಿ ಆಯ್ಕೆ ವಿಸ್ತಾರವಾಗೇನೂ ಇಲ್ಲ. 1985ರ ಡಿಸೆಂಬರಿನಲ್ಲಿ ಬಂದ ಮಾರುತಿ ಜಿಪ್ಸಿ ಸುಮಾರು ಒಂದು ಟನ್ ತೂಕದ ಹಗುರ ಪೆಟ್ರೋಲ್ ಗಾಡಿ. ಮೊದಲು 970 ಸಿಸಿಯ ಇಂಜಿನ್ ಹೊಂದಿದ್ದು, ಆಮೇಲೆ 1.3 ಲೀಟರಿನದಾಗಿ, ಕೊನೆಗೆ 80 ಅಶ್ವಶಕ್ತಿಯ ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬಿಟ್ಟು ವಿದ್ಯುನ್ಮಾನದ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ಮಾದರಿಯಾಗಿ ಬೆಳೆದು, 2019ರ ಸುಮಾರಿಗೆ ಸಾಮಾನ್ಯ ಗ್ರಾಹಕರಿಗೆ ಸಿಗುವುದು ನಿಂತಿತು. ಕೆಸರಿನಲ್ಲಿ ಹಗುರತನವೇ ಅದರ ದೊಡ್ಡ ಬಲ, ಉದ್ದ ಪ್ರಯಾಣದಲ್ಲಿ ಬೆನ್ನಿಗೆ ಬೀಳುವ ಕುಲುಕಾಟವೇ ದೊಡ್ಡ ದೋಷ. ಮಹೀಂದ್ರದ ಹಳೆಯ ಜೀಪುಗಳಲ್ಲಿ 2,523 ಸಿಸಿಯ ಡಿಐ ಡೀಸೆಲ್ ಇಂಜಿನ್ ಹೊಂದಿದವು ನಿಧಾನಗತಿಯವಾದರೂ, ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲಾದರೂ ರಿಪೇರಿಯಾಗಬಲ್ಲವು. 2010ರಿಂದ 2020ರವರೆಗಿನ ಮೊದಲ ತಲೆಮಾರಿನ ಥಾರ್ ಇವೆರಡರ ನಡುವಿನ ಒಳ್ಳೆಯ ಆಯ್ಕೆ. ಐಷಾರಾಮಿ ದೊಡ್ಡ ಎಸ್‌ಯುವಿಗಳು ಹಳತಾದಂತೆ ಅಗ್ಗವಾಗುತ್ತವೆ, ಬಿಡಿಭಾಗಗಳು ಮಾತ್ರ ಹಾಗಾಗುವುದಿಲ್ಲ. ತಯಾರಕರೇ ಭಾರತದಿಂದ ಹೊರನಡೆದಿದ್ದರೆ ಕಷ್ಟ ಇನ್ನೂ ಹೆಚ್ಚು.

ಗಾಡಿಯ ಪರೀಕ್ಷೆ ಶುರುವಾಗಬೇಕಾದುದು ಬಾನೆಟ್ಟಿನಿಂದಲ್ಲ, ನೆಲದ ಮೇಲೆ ಚಾಪೆ ಹಾಸಿ ಮಲಗಿ ನೋಡುವುದರಿಂದ. ಈ ಗಾಡಿಗಳ ಮೈ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ, ಅಂದರೆ ಚಾಸಿಸ್ ಮೇಲೆ ಕುಳಿತಿರುತ್ತದೆ. ಇಂಜಿನ್ ಕೆಟ್ಟರೆ ಬೇರೆಯದನ್ನು ಕೂರಿಸಬಹುದು, ಚಾಸಿಸ್ ಹೋದರೆ ಗಾಡಿಯೇ ಹೋದಂತೆ. ಚಿಕ್ಕ ಸುತ್ತಿಗೆಯಿಂದ ಚೌಕಟ್ಟಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಠಣ್ ಎಂದು ಮೊಳಗುತ್ತದೆ, ಒಳಗಿನಿಂದ ತುಕ್ಕು ತಿಂದ ಜಾಗ ಮಣ್ಣಿನ ಗಡಿಗೆಯಂತೆ ಮಂಕಾದ ಸದ್ದು ಕೊಡುತ್ತದೆ. ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಚಾಸಿಸ್‌ಗೆ ಸೇರುವ ಕೊಂಡಿಗಳ ಸುತ್ತ, ಚಕ್ರದ ಕಮಾನುಗಳ ಒಳಗೆ, ಕಾಲಡಿಯ ಮ್ಯಾಟಿನ ಕೆಳಗೆ ಕೆಸರು ನಿಲ್ಲುವುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಕರಾವಳಿಯ ಗಾಡಿಗಳನ್ನು ಉಪ್ಪುಗಾಳಿ ತಿನ್ನುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ. ತೋಟದ ಜೀಪುಗಳನ್ನು ರಸಗೊಬ್ಬರವೂ ಅಷ್ಟೇ ತಿನ್ನುತ್ತದೆಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್, ಹರಿದ ಮೂಟೆಯಿಂದ ಸೋರಿ ಮಳೆನೀರಿನೊಂದಿಗೆ ಕೂಡಿದರೆ ಉಕ್ಕಿನ ಪಾಲಿಗೆ ಸಮುದ್ರದ ನೀರಿನ ಹಾಗೆಯೇ ವರ್ತಿಸುತ್ತದೆ. ಚಾಸಿಸ್ ಮೇಲೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದನ್ನು ಕಾಳಜಿಯ ಗುರುತೆಂದು ಭಾವಿಸುವ ಬದಲು, ಅದರಡಿ ಏನಿದೆಯೆಂದು ಕೆರೆದು ನೋಡಲು ಅನುಮತಿ ಕೇಳುವುದೇ ಸರಿ.

ಎರಡನೆಯ ಪರೀಕ್ಷೆ ಎಣ್ಣೆಯದು. ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್‌ಗಳ ತಿರುಪನ್ನು ಬಿಚ್ಚಿಸಿ ಬೆರಳಿಗೆ ಎಣ್ಣೆ ಹಚ್ಚಿ ನೋಡಿದಾಗ ಅದು ಜೇನಿನಿಂದ ಕಪ್ಪಿನವರೆಗೆ ಯಾವ ಬಣ್ಣದಲ್ಲಿದ್ದರೂ ಚಿಂತೆಯಿಲ್ಲ, ಹಾಲು ಬೆರೆಸಿದ ಚಹಾದಂತೆ ಕಂಡರೆ ಮಾತ್ರ ಒಳಗೆ ನೀರು ಸೇರಿದೆಯೆಂದೇ ಅರ್ಥ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಅದರೊಳಗಿನ ಗಾಳಿ ಕುಗ್ಗಿ, ಸವೆದ ಸೀಲುಗಳ ಸಂದಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಎಣ್ಣೆಯಲ್ಲಿ ಬೆಳ್ಳಿಯಂತೆ ಮಿನುಗುವ ಲೋಹದ ಚೂರು ಸಿಕ್ಕರೆ ಹಲ್ಲುಚಕ್ರ ಉದುರುತ್ತಿದೆಯೆಂದು ತಿಳಿಯಬೇಕು.

ಬಳಿಕ ಮಣ್ಣಿನ ಜಾಗಕ್ಕೆ ಒಯ್ದು 4ಎಚ್, 4ಎಲ್ ಎರಡನ್ನೂ ಹಾಕಿಸಿ ಓಡಿಸಬೇಕು. ‘ಫೋರ್ ವೀಲ್ ಬಳಸಿಯೇ ಇಲ್ಲ’ ಎಂಬ ಮಾತನ್ನು ಮಾರುವವರು ಹೊಗಳಿಕೆಯಾಗಿ ಹೇಳಿದರೂ, ವರ್ಷಗಟ್ಟಲೆ ಅಲುಗದ ಲಿವರ್ ಬಿಗಿದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಜಿಪ್ಸಿಯ ಅನೇಕ ಗಾಡಿಗಳಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬನ್ನು ಕೆಳಗಿಳಿದು ಕೈಯಿಂದ ತಿರುಗಿಸಿ ಲಾಕ್ ಮಾಡಿದರೆ ಮಾತ್ರ ಮುಂಚಕ್ರಕ್ಕೆ ಶಕ್ತಿ ತಲುಪುತ್ತದೆ. ಇದನ್ನು ಮರೆತು ಗಾಡಿ ಕೆಟ್ಟಿದೆಯೆಂದು ತೀರ್ಮಾನಿಸುವುದೂ ಉಂಟು. ಎರಡೇ ಚಕ್ರಗಳ ಚಾಲನೆಯ ಜೀಪಿಗೆ ಬೇರೆಡೆಯ ಮುಂದಿನ ಆಕ್ಸಲ್ ಕೂರಿಸಿ ಫೋರ್ ವೀಲ್ ಎಂದು ಮಾರುವುದೂ ಇರುವುದರಿಂದ, ದಾಖಲೆಯಲ್ಲಿನ ಮಾದರಿಯ ಹೆಸರನ್ನು ಗಾಡಿಯೊಂದಿಗೆ ಹೋಲಿಸಿ ನೋಡಬೇಕು.

ಕಾಗದಪತ್ರದ ವಿಷಯದಲ್ಲಿ ಉದಾಸೀನ ತೋರಿದವರ ಹಣ ಗುಜರಿಗೆ ಹೋದಂತೆಯೇ. ಖಾಸಗಿ ವಾಹನದ ನೋಂದಣಿ ಪತ್ರ, ಅಂದರೆ ಆರ್‌ಸಿ, 15 ವರ್ಷಕ್ಕೆ ಊರ್ಜಿತವಾಗಿದ್ದು, ಆಮೇಲೆ ಗಾಡಿಯ ಸುಸ್ಥಿತಿಯನ್ನು ಆರ್‌ಟಿಒ ಪರಿಶೀಲಿಸಿದ ನಂತರ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ಹಳೆಯ ಜೀಪುಗಳಲ್ಲಿ ಬಹುಪಾಲು ಈ ಗಡಿಯ ಆಚೆಗೋ ಅಂಚಿಗೋ ಇರುತ್ತವೆ. ದೆಹಲಿ ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ವಿಧಿಸಿದ ನಿರ್ಬಂಧದ ಬಳಿಕ ಅಲ್ಲಿಂದ ಅಗ್ಗದ ಗಾಡಿಗಳು ಬೇರೆ ರಾಜ್ಯಗಳಿಗೆ ಹರಿದುಬಂದವು. ಅಂಥವನ್ನು ಕೊಳ್ಳುವವರು ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಆಜೀವ ತೆರಿಗೆ, ಮರುನೋಂದಣಿ ಇವಿಷ್ಟರ ಖರ್ಚನ್ನು ಬೆಲೆಗೆ ಕೂಡಿಸಿಯೇ ಅಗ್ಗವೋ ದುಬಾರಿಯೋ ಎಂದು ನಿರ್ಧರಿಸಬೇಕು. ಚಾಸಿಸ್ ಮೇಲೆ ಕೊರೆದ ಸಂಖ್ಯೆ, ಇಂಜಿನ್ ಸಂಖ್ಯೆಗಳು ಆರ್‌ಸಿಯೊಂದಿಗೆ ಅಕ್ಷರಕ್ಷರ ಹೊಂದದಿದ್ದರೆ ಆ ಗಾಡಿ ಎಷ್ಟೇ ಚೆಂದವಿದ್ದರೂ ಬಿಟ್ಟು ಬರುವುದೇ ಕ್ಷೇಮ. ಸೇನೆಯ ಹರಾಜಿನ ಗಾಡಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೊಂಡ ಮೇಲಿನ ಮಾರ್ಪಾಡಿನಲ್ಲಿ ಕಾನೂನಿನ ಗಡಿ ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ಮತ್ತು ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಉಲ್ಲಂಘಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲವೆ ಎರಡನ್ನೂ ವಿಧಿಸಬಹುದು. ಮುಂಭಾಗಕ್ಕೆ ಹಾಕುವ ಉಕ್ಕಿನ ಕ್ರಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗಳ ಜೀವಕ್ಕೆ ಅವು ಒಡ್ಡುವ ಅಪಾಯವನ್ನು ನೆನೆದರೆ ಈ ಕ್ರಮ ನ್ಯಾಯವಾದದ್ದೇ. ಬೇರೆ ಕಂಪನಿಯ ಇಂಜಿನ್ ಕೂರಿಸಿ ದಾಖಲಿಸದ ಗಾಡಿ ಅಪಘಾತಕ್ಕೀಡಾದರೆ ವಿಮೆಯ ಪರಿಹಾರವೂ ಕೈತಪ್ಪುವ ಸಂಭವವಿದೆ.

ಹೀಗೆ ಹೇಳಿದಾಗ ಮಾಡಲು ಉಳಿದದ್ದೇನು ಎಂಬ ಪ್ರಶ್ನೆ ಏಳುತ್ತದೆ. ಉಳಿದದ್ದು ಬಹಳವಿದೆ, ಮತ್ತು ಅದರಲ್ಲಿ ಹೆಚ್ಚಿನದು ಗಾಡಿ ಕಳೆದುಕೊಂಡದ್ದನ್ನು ಅದಕ್ಕೆ ಮರಳಿಸುವ ಕೆಲಸ. ಜೋತುಬಿದ್ದ ಸ್ಪ್ರಿಂಗ್ ಪಟ್ಟಿಗಳು, ಸವೆದ ರಬ್ಬರ್ ಬುಷ್‌ಗಳು, ಸೋರುವ ಸೀಲು, ಹಳೆಯ ಬ್ರೇಕ್ ಹೋಸ್, ರೇಡಿಯೇಟರ್ ಮತ್ತು ವೈರಿಂಗ್ ಇವೆಲ್ಲ ಹೊಸದಾದರೆ ಗಾಡಿ ತಾನಾಗಿಯೇ ಒಂದಷ್ಟು ಎತ್ತರಕ್ಕೆ ಏರಿ, ಮಾರ್ಪಾಡಿನಿಂದ ಸಿಗಬಹುದೆಂದು ಭಾವಿಸಿದ್ದ ಅರ್ಧ ಸಾಮರ್ಥ್ಯ ಅಲ್ಲಿಯೇ ದೊರಕುತ್ತದೆ.

ಅನಂತರದ ಸ್ಥಾನ ಟೈರಿನದು. ಎಚ್‌ಟಿ ಎಂಬುದು ಹೆದ್ದಾರಿಯ ಟೈರು, ಎಂಟಿ ಎಂಬುದು ಆಳವಾದ ಗೀರುಗಳುಳ್ಳ ಕೆಸರಿನ ಟೈರು, ಎಟಿ ಇವೆರಡರ ನಡುವಿನದು. ಪ್ರವಾಸವೇ ಹೆಚ್ಚಾಗಿರುವವರಿಗೆ ಎಟಿಯೇ ಸಾಕು, ಏಕೆಂದರೆ ಎಂಟಿ ಟೈರು ಮಳೆಯ ಡಾಂಬರಿನಲ್ಲಿ ಜಾರುತ್ತದೆ, ಗದ್ದಲವನ್ನೂ ಮಾಡುತ್ತದೆ. ಅಳತೆ ಹಿಗ್ಗಿಸುವಾಗ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಜಿಪ್ಸಿ ಕಿಂಗ್‌ನ ಮೂಲ ಟೈರು 205/70 ಆರ್15, ಅಂದರೆ ಅಗಲ 205 ಮಿಲಿಮೀಟರ್, ಬದಿಯ ಎತ್ತರ ಅಗಲದ ಶೇ. 70, ಒಳಗಿನ ಚಕ್ರ 15 ಅಂಗುಲ. ಒಟ್ಟು ವ್ಯಾಸ 668 ಮಿಲಿಮೀಟರ್. ಅದರ ಬದಲು 215/75 ಆರ್15 ಹಾಕಿದರೆ ವ್ಯಾಸ ಸುಮಾರು 703 ಆಗುತ್ತದೆ. ವ್ಯಾಸದ ಅರ್ಧ ಮಾತ್ರ ಎತ್ತರಕ್ಕೆ ಸೇರುವುದರಿಂದ ನೆಲದಿಂದ ಸಿಗುವ ಹೆಚ್ಚಿನ ಅಂತರ ಸುಮಾರು 18 ಮಿಲಿಮೀಟರ್, ಆದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ ಮತ್ತು ಗೇರುಗಳೆಲ್ಲ ಶೇ. 5ರಷ್ಟು ದುರ್ಬಲವಾಗುತ್ತವೆ. ಮರಳಿನಲ್ಲಿ ಮತ್ತು ಮೆತ್ತನೆಯ ಕೆಸರಿನಲ್ಲಿ ಗಾಳಿಯನ್ನು 15ರಿಂದ 18 ಪಿಎಸ್‌ಐಗೆ ಇಳಿಸಿ, ಟೈರಿನ ಪಾದವನ್ನು ಅಗಲಗೊಳಿಸುವುದು ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅದಕ್ಕೆ ಬೇಕಾದುದು ಒಂದು ಪ್ರೆಶರ್ ಗೇಜು, ರಸ್ತೆಗೆ ಮರಳಿದಾಗ ಗಾಳಿ ತುಂಬಲು ಒಂದು ಚಿಕ್ಕ ಕಂಪ್ರೆಸರ್ ಮಾತ್ರ.

ಹೊಳೆ ದಾಟುವವರು ಇಂಜಿನ್ನಿನ ಉಸಿರಾಟದ ಕೊಳವೆಯನ್ನು ಛಾವಣಿಯ ಎತ್ತರಕ್ಕೆ ಒಯ್ಯುವ ಸ್ನಾರ್ಕೆಲ್ ಹಾಕಿಸುತ್ತಾರೆ. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ, ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ನೇ ಹಾಳಾಗುತ್ತದೆ. ಸ್ನಾರ್ಕೆಲ್‌ಗಿಂತ ಮೊದಲು ಆಗಬೇಕಾದುದು ಆಕ್ಸಲ್, ಗೇರ್‌ಬಾಕ್ಸ್‌ಗಳ ಉಸಿರುಗಂಡಿಗಳಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಅದನ್ನು ಇಂಜಿನ್ ಕೋಣೆಯ ಎತ್ತರಕ್ಕೆ ಕಟ್ಟುವ ಕೆಲಸ. ಕೆಲವೇ ನೂರು ರೂಪಾಯಿಯ ಈ ನಳಿಗೆ ಮೇಲೆ ಹೇಳಿದ ಚಹಾ ಬಣ್ಣದ ಎಣ್ಣೆಯನ್ನು ತಡೆಯುತ್ತದೆ. ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಚಾಸಿಸ್‌ಗೆ ಬೋಲ್ಟ್ ಹಾಕಿದ ಗಟ್ಟಿ ಕೊಕ್ಕೆ ಮುಂದೆ ಹಿಂದೆ ಇರಲೇಬೇಕು. ಬಂಪರಿಗೋ ಟೋ ಬಾಲ್‌ಗೋ ಹಗ್ಗ ಬಿಗಿದು ಎಳೆದಾಗ ಅದು ಕಿತ್ತು ಗುಂಡಿನಂತೆ ಹಾರಿ ಪ್ರಾಣ ತೆಗೆದ ಘಟನೆಗಳು ಜಗತ್ತಿನ ಹಲವೆಡೆ ನಡೆದಿವೆ.

ದೂರದ ಪ್ರವಾಸಕ್ಕೆ ಹೊರಡುವವರು ತೂಕದ ಲೆಕ್ಕವನ್ನು ಇನ್ನೂ ಬಿಗಿಯಾಗಿ ಇಡಬೇಕು. ಸೇನೆಯಲ್ಲಿ ಜಿಪ್ಸಿಯನ್ನು 500 ಕಿಲೋ ಹೊರುವ ವರ್ಗದ ಗಾಡಿಯಾಗಿ ಬಳಸಲಾಗುತ್ತಿತ್ತು. ನಾಲ್ವರು ಪ್ರಯಾಣಿಕರು ಕುಳಿತರೆ ಅದರಲ್ಲಿ 280 ಕಿಲೋ ತೀರುತ್ತದೆ. ಉಕ್ಕಿನ ಛಾವಣಿ ಚೌಕಟ್ಟು, ಅದರ ಮೇಲೆ ಡೇರೆ, ಮುಂದೆ ವಿಂಚ್, ಹಿಂದೆ ಎರಡು ಕ್ಯಾನ್ ಇಂಧನ ಎಂದು ಸೇರಿಸುತ್ತ ಹೋದರೆ ಬಟ್ಟೆಬರೆಗೇ ಜಾಗ ಉಳಿಯದು, ತಲೆಭಾರದಿಂದ ಗಾಡಿ ತಿರುವಿನಲ್ಲಿ ಮಗುಚುವ ಅಪಾಯವೂ ಹೆಚ್ಚುತ್ತದೆ. ಲಡಾಖಿನ ಉಮ್ಲಿಂಗ್ ಲಾ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 5,800 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಕರಾವಳಿಯ ಅರ್ಧದಷ್ಟೇ ಇರುವುದರಿಂದ ಕಾರ್ಬುರೇಟರ್ ಇಂಜಿನ್ ತನ್ನ ಬಲದ ಅರ್ಧವನ್ನೂ ಕಳೆದುಕೊಂಡು ಕಪ್ಪು ಹೊಗೆ ಉಗುಳುತ್ತದೆ. ಬೆಂಗಳೂರಿನಿಂದ ಮೂರು ಸಾವಿರ ಕಿಲೋಮೀಟರಿಗೂ ದೂರದ ಆ ಹಾದಿಗೆ ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಕ್ಲಚ್ ಕೇಬಲ್, ಫ್ಯೂಸ್, ಚಕ್ರದ ಬೇರಿಂಗ್ ಇಷ್ಟು ಬಿಡಿಭಾಗಗಳನ್ನು ಒಯ್ಯುವುದು ಯಾವ ಅಲಂಕಾರಕ್ಕಿಂತಲೂ ಬೆಲೆಯುಳ್ಳದ್ದು.

ಇಷ್ಟೆಲ್ಲ ಸಿದ್ಧಗೊಳಿಸಿದ ಗಾಡಿಯನ್ನು ಎಲ್ಲಿ ಓಡಿಸಬೇಕು ಎಂಬುದು ಪಶ್ಚಿಮ ಘಟ್ಟದಲ್ಲಿ ಕೇಳಲೇಬೇಕಾದ ಪ್ರಶ್ನೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ಮಳೆಗಾಲದಲ್ಲಿ ಒಂದು ಜೀಪು ಬಿಟ್ಟ ಗಾಲಿಗುರುತು ಮರುಮಳೆಯಲ್ಲಿ ಕಾಲುವೆಯಾಗಿ, ಅದರ ಮರುವರ್ಷ ಕೊರಕಲಾಗಿ, ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣನ್ನು ಹಳ್ಳಕ್ಕೆ ಸಾಗಿಸುತ್ತದೆ. ಹಾಗಾಗಿ ಹವ್ಯಾಸದ ಓಟ ಒಡೆಯರ ಒಪ್ಪಿಗೆ ಪಡೆದ ತೋಟಗಳಲ್ಲಿ, ಕೊಯ್ಲಾದ ಗದ್ದೆಗಳಲ್ಲಿ, ಬಿಟ್ಟುಬಿಟ್ಟ ಕಲ್ಲುಕ್ವಾರಿಗಳಲ್ಲಿ ನಡೆಯಬೇಕು. ಓಟ ಮುಗಿದ ದಿನವೇ ಗಾಡಿಯ ಅಡಿಭಾಗದ ಕೆಸರನ್ನು ನೀರಿನಿಂದ ತೊಳೆದು, ಶಾಫ್ಟುಗಳ ಗ್ರೀಸ್ ನಿಪ್ಪಲುಗಳಿಗೆ ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಿ, ಬ್ರೇಕ್ ಡ್ರಮ್ಮುಗಳೊಳಗೆ ಸೇರಿದ ಕೆಮ್ಮಣ್ಣನ್ನು ತೆಗೆಸಿ, ಆಕ್ಸಲಿನ ಎಣ್ಣೆಯನ್ನು ಇನ್ನೊಮ್ಮೆ ಬೆರಳಿಗೆ ಹಚ್ಚಿ ನೋಡಬೇಕು.