ದೊಡ್ಡಪತ್ರೆಯೂ ಮನೆಯ ಬೆಕ್ಕೂ

ಮನೆಯಂಗಳದ ಒಂದು ಕುಂಡದಲ್ಲಾದರೂ ದೊಡ್ಡಪತ್ರೆಯನ್ನು ಬೆಳೆಸುವುದು ನಮ್ಮ ನಾಡಿನ ಹಳೆಯ ರೂಢಿ. ಸಾಂಬಾರಬಳ್ಳಿ, ಸಾವಿರಸಂಬಾರ ಎಂಬ ಹೆಸರುಗಳೂ ಇದಕ್ಕುಂಟು. ತಂಬುಳಿ, ಚಟ್ನಿ, ಬಜ್ಜಿಗಳಲ್ಲಿ ಇದರ ರುಚಿಯನ್ನು ನಾವೆಲ್ಲರೂ ಬಲ್ಲೆವು. ನೆಗಡಿ, ಕೆಮ್ಮು ಬಂದಾಗ ಎಲೆಯನ್ನು ಬಾಡಿಸಿ ರಸ ಹಿಂಡಿ ಕೊಡುವ ಪದ್ಧತಿಯೂ ಇದೆ. ಅದೇ ಮನೆಯ ಬೆಕ್ಕು ಸೀನತೊಡಗಿದರೆ, ಅದಕ್ಕೂ ನಾಲ್ಕು ಹನಿ ರಸ ಕುಡಿಸೋಣವೆಂಬ ಕರುಣೆ ಮೂಡುವುದು ಸಹಜ. ಆದರೆ ಹಾಗೆ ಕುಡಿಸಬಾರದು. ಏಕೆಂಬುದನ್ನು ಇಲ್ಲಿ ವಿಚಾರಿಸೋಣ.

ದೊಡ್ಡಪತ್ರೆಯನ್ನು ಹಿಸುಕಿದಾಗ ಓಮದಂತಹ ಘಾಟು ಹೊಮ್ಮುತ್ತದೆ. ಎಲೆಯ ಸುಗಂಧ ತೈಲದಲ್ಲಿರುವ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ದ್ರವ್ಯಗಳೇ ಅದಕ್ಕೆ ಕಾರಣ. ಇವೆರಡೂ ಫೀನಾಲ್ ವರ್ಗಕ್ಕೆ ಸೇರಿದವು. ಮನುಷ್ಯನ ಯಕೃತ್ತು ಇಂತಹ ದ್ರವ್ಯಗಳಿಗೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕ ಹೊರಹಾಕುತ್ತದೆ. ಈ ಕಾರ್ಯಕ್ಕೆ ಬೇಕಾದ ಕಿಣ್ವಗಳಲ್ಲಿ ಕೆಲವು ಬೆಕ್ಕಿನ ದೇಹದಲ್ಲಿ ಇಲ್ಲ, ಕೆಲವು ಬಹಳ ಕಡಿಮೆ. ಆದುದರಿಂದ ನಮ್ಮ ದೇಹದಿಂದ ಬೇಗನೆ ಹೊರಹೋಗುವ ವಸ್ತು ಬೆಕ್ಕಿನ ದೇಹದಲ್ಲಿ ಬಹುಕಾಲ ಉಳಿದು ಹಾನಿ ಮಾಡುತ್ತದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು ಎಂಬುದಕ್ಕೂ ಈ ಕೊರತೆಯೇ ಮುಖ್ಯ ಕಾರಣ.

1866ರಲ್ಲಿ ಸ್ಥಾಪಿತವಾದ ಅಮೆರಿಕದ ಪ್ರಾಣಿದಯಾ ಸಂಸ್ಥೆ ಎ.ಎಸ್.ಪಿ.ಸಿ.ಎ. ದೊಡ್ಡಪತ್ರೆಯನ್ನು ಬೆಕ್ಕು, ನಾಯಿ, ಕುದುರೆಗಳಿಗೆ ವಿಷಕಾರಿಯಾದ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ವಾಂತಿ, ಭೇದಿ, ಕೆಲವೊಮ್ಮೆ ರಕ್ತಮಿಶ್ರಿತ ಭೇದಿ, ಮಂಕು, ಆಹಾರ ತ್ಯಜಿಸುವುದು ಇದರ ಲಕ್ಷಣಗಳು.

ಹಾಗೆಂದು ಕುಂಡವನ್ನು ಕಿತ್ತೆಸೆಯಬೇಕಾಗಿಲ್ಲ. ಘಾಟಿನ ದೆಸೆಯಿಂದ ಬೆಕ್ಕುಗಳು ಸಾಮಾನ್ಯವಾಗಿ ಈ ಗಿಡದ ಗೊಡವೆಗೆ ಹೋಗುವುದಿಲ್ಲ. ಎಲೆಯ ತುದಿಯನ್ನು ಒಮ್ಮೆ ಕಚ್ಚಿದರೆ ಹೊಟ್ಟೆ ಕೆಡಬಹುದೇ ಹೊರತು ಪ್ರಾಣಾಪಾಯವಾಗುವುದು ವಿರಳ. ಎಲೆ ಮೆಲ್ಲುವ ಚಪಲವಿರುವ ಬೆಕ್ಕಾದರೆ ಕುಂಡವನ್ನು ಅದಕ್ಕೆ ಎಟುಕದಲ್ಲಿ ತೂಗುಹಾಕಿ, ಬೇರೊಂದು ಕುಂಡದಲ್ಲಿ ಗೋಧಿಯ ಹುಲ್ಲನ್ನು ಬೆಳೆಸಿಕೊಟ್ಟರೆ ಸಾಕು. ಕೊತ್ತಂಬರಿ ಸೊಪ್ಪಿನಿಂದ ಬೆಕ್ಕಿಗೆ ಭಯವಿಲ್ಲ. ಪುದೀನವನ್ನು ಹೆಚ್ಚು ತಿಂದರೆ ವಾಂತಿ, ಭೇದಿಗಳಾಗಬಹುದು.

ನಿಜವಾದ ಅಪಾಯವಿರುವುದು ನಮ್ಮ ಕೈಯಿಂದಾಗುವ ಮೂರು ತಪ್ಪುಗಳಲ್ಲಿ. ಮೊದಲನೆಯದು, ಎಲೆಯ ರಸವನ್ನು ಹಿಂಡಿ ಬಲವಂತವಾಗಿ ಕುಡಿಸುವುದು. ಎರಡನೆಯದು, ಚಿಗಟ ಹೋಗಲೆಂದು ಓಮದ ಎಣ್ಣೆ, ನೀಲಗಿರಿ ಎಣ್ಣೆ ಮೊದಲಾದವನ್ನು ಮೈಗೆ ಸವರುವುದು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ರೋಮಕ್ಕೆ ಹಚ್ಚಿದ್ದೆಲ್ಲವೂ ಅದರ ಹೊಟ್ಟೆಗೇ ಸೇರುತ್ತದೆ. ಮೂರನೆಯದು, ಈರುಳ್ಳಿ, ಬೆಳ್ಳುಳ್ಳಿ ಬೆರೆತ ಅಡುಗೆಯನ್ನು ಅನ್ನದೊಡನೆ ಕಲಸಿ ಹಾಕುವುದು. ಬೇಯಿಸಿದರೂ ಇವುಗಳ ದೋಷ ಹೋಗುವುದಿಲ್ಲ. ಇವು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ರಕ್ತಹೀನತೆ ಕೆಲವು ದಿನಗಳ ಅನಂತರ ತೋರುವುದರಿಂದ, ಕಾರಣ ಮನೆಯವರಿಗೆ ಹೊಳೆಯುವುದೇ ಇಲ್ಲ.

ಬೆಕ್ಕು ಹೆಚ್ಚು ಎಲೆಯನ್ನು ತಿಂದಿದ್ದರೆ, ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು, ಕುಡಿಯಲು ನೀರಿಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಸಲ್ಲದು. ವಾಂತಿ ಮರುಕಳಿಸಿದರೆ, ಭೇದಿಯಲ್ಲಿ ರಕ್ತ ಕಂಡರೆ, ನಡಿಗೆ ತೂರಾಡಿದರೆ ಅಥವಾ ಒಂದು ದಿನವಿಡೀ ಆಹಾರ ಮುಟ್ಟದಿದ್ದರೆ, ತಿಂದ ಎಲೆಯ ಸಮೇತ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಸುಗಂಧ ತೈಲವು ಬಾಯಿಗೆ ಅಥವಾ ಮೈಗೆ ತಗುಲಿದ್ದರಂತೂ ಲಕ್ಷಣಗಳಿಗಾಗಿ ಕಾಯಬಾರದು.

ಸೀನುವ ಬೆಕ್ಕಿಗೂ ಔಷಧವನ್ನು ಹೇಳಬೇಕಾದವರು ಪಶುವೈದ್ಯರೇ. ನಮಗೆ ಹಿತವಾದುದು ನಮ್ಮನ್ನು ನಂಬಿದ ಜೀವಕ್ಕೂ ಹಿತವೆಂದು ಭಾವಿಸದೆ, ಅದರ ದೇಹಧರ್ಮವನ್ನರಿತು ನಡೆದರೆ ಮಾತ್ರ ನಮ್ಮ ಕರುಣೆ ಅದಕ್ಕೆ ನೆರವಾದೀತು.